ಕಪ್ಪೆ ಕೊಯ್ಯದ ಕೋರ್ಸು

ಸಾಂಗ್ಲಿ, ೧೪ ಜೂನ್ ೧೯೪೩

ಚಿರಂಜೀವಿ ಜಯಕುಮಾರನಿಗೆ ಅಪ್ಪನ ಆಶೀರ್ವಾದ.

ಈ ಕಾಗದವನ್ನು ಬೆಳಗಾವಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ನೀನು ಪುಣೆಯಲ್ಲಿ ವಕೀಲಿ ಕಲಿಯಲು ಹೆಸರು ಹಚ್ಚಲು ಹೋಗಿದ್ದೀ ಎಂದು ನಿನ್ನೆಯ ತನಕ ಅರಿಶಿನ ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ ಮೂರ್ಖ ನಾನು. ನಿನ್ನೆ ನಿನ್ನ ಅಕ್ಕ ಶಾಲನ ಬಂದಿದ್ದಳು. ಚಹಾದ ಕಪ್ಪು ನನ್ನ ಕೈಗೆ ಕೊಟ್ಟು, ಮುಖ ಗೋಡೆಯ ಕಡೆ ಮಾಡಿ, "ಅಪ್ಪಾ, ಸಿಟ್ಟಿಗೇಳಬ್ಯಾಡ್ರಿ. ಜಯಾ ಪುಣೇದಾಗ ಇಲ್ಲ. ಮಿಲಿಟರಿ ಆಫೀಸರ್ ಆಗ್ಲಿಕ್ಕೆ ಬೆಳಗಾವಿಗೆ ಹೋಗ್ಯಾನ" ಅಂದಳು. ಕಪ್ಪು ಬೀಳಲಿಲ್ಲ. ಚಹಾ ಕುಡಿದು ಮುಗಿಸಿ, ಅವಳಿಂದ ನಿನ್ನ ವಿಳಾಸ ಬರೆಸಿಕೊಂಡೆ.

ನನ್ನ ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ. ನಿನ್ನ ಅವ್ವ ಇದ್ದಾಗ ಅವಳು ಎಳೆದು ತರುತ್ತಿದ್ದಳು. ಅವಳು ಮಿರಜಿನ ದವಾಖಾನೆಯಲ್ಲಿ ತೀರಿಕೊಂಡ ಮರುವರ್ಷ ನೀನು ಡಾಕ್ಟರ್ ಆಗುತ್ತೇನೆಂದು ಸೈನ್ಸಿಗೆ ಹೆಸರು ಹಚ್ಚಿದ್ದೆ, ನೆನಪಿದೆಯೇ? ಫೀ ತುಂಬಲು ಕಾಲೇಜಿಗೆ ಬಂದ ನಾನು ಒಂದು ಕಿಟಕಿಯಲ್ಲಿ ಇಣುಕಿದೆ. ಮೇಜಿನ ಮೇಲೆ ಹಲಗೆ, ಹಲಗೆಗೆ ನಾಲ್ಕು ಮೊಳೆ, ಮೊಳೆಗಳ ನಡುವೆ ಒಂದು ಕಪ್ಪೆ. ನೀರನ್ನು ಸೋಸದೆ ಕುಡಿಯದ ಜೈನರ ಮನೆ ನಮ್ಮದು; ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನೂ ತಿರುಗಿ ಅದೇ ಬಾವಿಗೆ ಬಿಡುವವರು. ನೆಟ್ಟಗೆ ಕಚೇರಿಗೆ ಹೋಗಿ, ಯಾವ ಕೋರ್ಸಿನಲ್ಲಿ ಏನೂ ಕೊಯ್ಯುವುದಿಲ್ಲ ಎಂದು ಕ್ಲಾರ್ಕನನ್ನು ಕೇಳಿದೆ. "ಆರ್ಟ್ಸ್‌ದಾಗ ಹೊಸಾ ಪುಸ್ತಕದ ಹಾಳಿ ಸುದ್ದಾ ಯಾರೂ ಕೊಯ್ಯೂದಿಲ್ಲರಿ, ಅಣ್ಣಾಸಾಹೇಬ್ರ" ಎಂದು ನಕ್ಕ. ನಿನ್ನನ್ನು ಕೇಳದೆ, ನಿಂತ ಕಾಲಲ್ಲೇ ನಿನ್ನ ಹೆಸರನ್ನು ಆರ್ಟ್ಸಿಗೆ ಬರೆಸಿ ಬಂದೆ.

ಈಗ ನೋಡು. ಕಪ್ಪೆ ಕೊಯ್ಯಬಾರದೆಂದು ಇತಿಹಾಸ, ತರ್ಕ ಓದಿಸಿದೆ. ಅದನ್ನು ಓದಿದ್ದಕ್ಕೇ ಸರಕಾರ ನಿನ್ನ ಕೈಗೆ ಪಿಸ್ತೂಲು ಕೊಡುತ್ತಿದೆ. ಇಂಥದಕ್ಕೆ ನಮ್ಮ ಕಾಲೇಜಿನ ಮೊದಲ ವರ್ಷದ ಪ್ರೀವಿಯಸ್ ಕ್ಲಾಸಿನಲ್ಲಿ ಒಂದು ಇಂಗ್ಲಿಷ್ ಶಬ್ದ ಹೇಳಿಕೊಟ್ಟಿದ್ದರು, ನೆನಪಾಗವಲ್ಲದು. ಕೊನೆಯ ಪ್ರಶ್ನೆಗೆ ಉತ್ತರ ಬಾರದೆ ಪರೀಕ್ಷೆಯಿಂದ ಎದ್ದು ಬಂದವನು ನಾನು, ನನ್ನ ಕಾಲೇಜು ಅಲ್ಲಿಗೇ ಮುಗಿಯಿತು.

ನಾನು ಬೈಯುವುದಿಲ್ಲ. ನೀನು ಸಾಯುತ್ತೀ ಎಂದು ಅಂಜಿಕೆ, ನೀನು ಕೊಲ್ಲುತ್ತೀ ಎಂದು ಅಂಜಿಕೆ. ದೇರ್‌ಫೋರ್, ತಿರುಗಿ ಬಾ.

ನಿನ್ನ ಅಪ್ಪ,
ಧರಣೇಂದ್ರ


ಬೆಳಗಾವಿ, ೨೭ ಜೂನ್ ೧೯೪೩

ತೀರ್ಥರೂಪ ಅಪ್ಪನವರಿಗೆ ಜಯಕುಮಾರನ ನಮಸ್ಕಾರಗಳು.

ಸುಳ್ಳು ಹೇಳಿ ಬಂದದ್ದು ತಪ್ಪು. ಹೇಳಿ ಬಂದಿದ್ದರೆ ನೀವು ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದಿರಿ, ನಾನು ದಾಟಿ ಬರಲಾರದೆ ಉಳಿಯುತ್ತಿದ್ದೆ.

ಆಯ್ಕೆ ಮೂರು ದಿನ ನಡೆಯಿತು. ಎಂಟು ಜನರಿಗೆ ಎರಡು ಹಲಗೆ, ಒಂದು ಹಗ್ಗ ಕೊಟ್ಟು ಹಳ್ಳ ದಾಟಿರಿ ಅಂದರು. ಒಬ್ಬ ಸೈನ್ಸಿನವನು ಅಳತೆ ಮಾಡಿದ, ಕೊಲ್ಹಾಪುರದ ಒಬ್ಬ ಪೈಲವಾನ ಹಲಗೆ ಎತ್ತಿದ, ಉಳಿದವರು ಕೂಗಾಡಿದರು. ಮೂಲೆಯಲ್ಲಿ ಒಬ್ಬ ಸುಮ್ಮನೆ ನಿಂತಿದ್ದ. ನಾನು ಮಾಡಿದ್ದು ಇಷ್ಟೇ: ಅವನ ಹತ್ತಿರ ಹೋಗಿ "ನಿಮಗೆ ಹೇಗೆ ಅನ್ನಿಸುತ್ತದೆ?" ಎಂದು ಕೇಳಿದೆ. ಹಳ್ಳ ದಾಟುವ ದಾರಿ ಅವನಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಕೊನೆಗೆ ಮೇಜರ್ ಸಾಹೇಬರು, ಇತಿಹಾಸ ಓದಿದವನಿಂದ ಸೈನ್ಯಕ್ಕೇನು ಉಪಯೋಗ ಎಂದರು. ನಾಲ್ಕು ಜನ ನಾಲ್ಕು ರೀತಿ ಹೇಳಿದ್ದನ್ನು ಕೇಳಿ, ಯಾರನ್ನು ಎಷ್ಟು ನಂಬಬೇಕು ಎಂದು ತೂಗುವುದನ್ನು ನಾಲ್ಕು ವರ್ಷ ಕಲಿತಿದ್ದೇನೆ ಎಂದೆ. ಅವರು ಏನನ್ನೋ ಬರೆದುಕೊಂಡರು.

ನೀವು ಅಂಜುವಂಥದು ಏನೂ ಇಲ್ಲ. ನಿಮ್ಮ ಹರಿಪುರದ ಹಗೇವು ನೆನೆಸಿಕೊಳ್ಳಿರಿ. ನೆಲದೊಳಗಿನ ಆ ಕಣಜದಿಂದ ಅರಿಶಿನ ತೆಗೆಯುವ ಮೊದಲು ನೀವು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತೀರಿ. ಗಾಳಿ ಕೆಟ್ಟು ದೀಪ ಆರಿದರೆ ಆಳನ್ನು ಇಳಿಸುವುದಿಲ್ಲ. ಇಲ್ಲಿ ಕಲಿಸುವುದೂ ಅದನ್ನೇ: ಮನುಷ್ಯನನ್ನು ಇಳಿಸುವ ಮೊದಲು ದೀಪ ಇಳಿಸು.

ಕಪ್ಪೆಯ ವಿಷಯ ಎತ್ತಬೇಡಿರಿ. ಅದನ್ನು ನಾನು ಎಂದೋ ಮರೆತಿದ್ದೇನೆ.

ನಿಮ್ಮ ಆಜ್ಞಾಧಾರಕ,
ಜಯಕುಮಾರ


ಸಾಂಗ್ಲಿ, ೧೧ ಜನವರಿ ೧೯೪೪

ಚಿ. ಜಯಕುಮಾರನಿಗೆ,

ಮೊನ್ನೆ ಮಿರಜಿನ ಸ್ಟೇಶನ್ನಿನಲ್ಲಿ, ಲಡಾಯಿಗೆ ಹೊರಟ ನಿಮ್ಮ ಗಾಡಿ ಹನ್ನೆರಡು ಮಿನಿಟು ನಿಂತಿತು. ಹೇಳಬೇಕಾದ ಒಂಬತ್ತು ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಹೇಳಿದ್ದು ಒಂದೇ, ಈ ಸಲ ಅರಿಶಿನ ಚಲೋ ಬಂದಿದೆ ಎಂದು. ಅದು ಚೀಟಿಯಲ್ಲಿ ಇರಲೇ ಇಲ್ಲ.

ನಿನ್ನ ಟೊಪ್ಪಿಗೆ ನೋಡಲಿಲ್ಲ, ಭುಜದ ಮೇಲಿನ ನಕ್ಷತ್ರ ನೋಡಲಿಲ್ಲ. ಕೈ ನೋಡುತ್ತಿದ್ದೆ. ಅವು ಇನ್ನೂ ನಿನ್ನ ಅವ್ವನ ಕೈಗಳ ಹಾಗೆಯೇ ಇದ್ದವು. ಅವಳು ನೀರು ಸೋಸುತ್ತಿದ್ದ ಬಟ್ಟೆಯನ್ನು ಆ ಕೈಗೇ ಕೊಟ್ಟೆ. ನಮ್ಮ ಅರಿಶಿನ ತಾಕಿ ತಾಕಿ ಹಳದಿಯಾದ ಬಟ್ಟೆ, ಎಷ್ಟು ಒಗೆದರೂ ಹೋಗುವುದಿಲ್ಲ. ಎಲ್ಲೇ ಇರು, ಸೋಸಿ ಕುಡಿ.

ನಿನ್ನ ಟ್ರಂಕು ಎತ್ತಿ ಕೊಟ್ಟ ಸಿಪಾಯಿ, ಆ ಬೇಡಗ ಹಳ್ಳಿಯ ಅಪ್ಪಣ್ಣ, ಅವನ ತಾಯಿ ಮಾಳವ್ವ ರೊಟ್ಟಿಯ ಗಂಟು ಹಿಡಿದು ಗಾಡಿಯುದ್ದಕ್ಕೂ ಓಡಿ ಬಂದಳಲ್ಲ. "ಸಾಹೇಬ್ರ, ನನ್ನ ಮಗಗ ಓದಾಕ ಬರ್ಯಾಕ ಬರೂದಿಲ್ಲ. ಹಸುವಾದ್ರ ಬಾಯಿಬಿಟ್ಟು ಹೇಳಾಂವಲ್ಲ. ಒಂಚೂರು ನೋಡ್ಕೋರಿ" ಎಂದಾಗ ಅವನು ನಾಚಿ, "ಯವ್ವಾ, ಸಾಹೇಬ್ರ ಮುಂದ ನನ್ನ ಹೊಟ್ಟೀ ಸುದ್ದಿ ಯಾಕ ತಗೀತಿ!" ಎಂದ. ನೀನು ನಗುತ್ತಾ "ನಾ ನೋಡ್ಕೋತೇನಿ, ಮಾಳವ್ವಾ" ಎಂದುಬಿಟ್ಟೆ. ಜಯಾ, ಮೂವತ್ತು ವರ್ಷ ಆಳುಗಳನ್ನು ಹಗೇವಿಗೆ ಇಳಿಸಿದ್ದೇನೆ. ಒಬ್ಬನ ತಾಯಿಗೂ ಅಷ್ಟು ಸಲೀಸಾಗಿ ಮಾತು ಕೊಟ್ಟವನಲ್ಲ.

ಗಾಡಿ ಹೋದ ಮೇಲೆ ಅವಳು ನನ್ನ ಹಿಂದೆಯೇ ಬಂದಳು. ತನ್ನ ಓಣಿಯಲ್ಲಿ ಓದುವವರಿಲ್ಲವಂತೆ. "ಅವನ ಕಾಗದ, ಸರಕಾರದ ಕಾಗದ, ಎಲ್ಲಾ ನಿಮ್ಮ ಅಂಗಡಿಗೇ ಬರ್ಲಿ ಸಾವ್ಕಾರ್ರ. ನಾ ಸ್ವಾಮಾರಕ್ಕೊಮ್ಮಿ ಬಂದು ಓದಿಸ್ಕೋತೇನಿ." ಹೂಂ, ಸೋಮವಾರ ಸೋಮವಾರ ಬಾ ಅಂದೆ.

ಅಪ್ಪ


ಫೀಲ್ಡ್ ಪೋಸ್ಟ್, ೮ ಮಾರ್ಚ್ ೧೯೪೪

ತೀರ್ಥರೂಪ ಅಪ್ಪನವರಿಗೆ,

ಊರ ಹೆಸರು ಬರೆಯುವಂತಿಲ್ಲ. ಬೆಟ್ಟ, ಬಿದಿರು, ಮಂಜು. ನಾನು ಆರಾಮ ಇದ್ದೇನೆ.

ನನ್ನ ಪದವಿಗೆ ಇಲ್ಲಿ ಸಿಕ್ಕ ಮೊದಲ ಕೆಲಸ ಯಾವುದು ಗೊತ್ತೇ? ನನ್ನ ಮೂವತ್ತು ಜನರ ಪತ್ರಗಳನ್ನು ಓದಿ, ಹೇಳಬಾರದ್ದು ಇದ್ದರೆ ಹೊಡೆದುಹಾಕುವುದು. ಯಾರ ಹೆಂಡತಿ ಬಸುರಿ, ಯಾರ ಹೊಲಕ್ಕೆ ದಾಯಾದಿ ಬೇಲಿ ಹಾಕಿದ, ಎಲ್ಲ ನನಗೆ ಗೊತ್ತು. ಪರೇಡಿನಲ್ಲಿ ಒಬ್ಬನ ಕಾಲು ತಪ್ಪಿದರೆ ಅದಕ್ಕೆ ಕಾರಣ ಅವನ ಊರಿನಲ್ಲಿದೆ ಎಂದು ತಿಳಿದಿರುತ್ತದೆ. ಕಾಲೇಜಿನಲ್ಲಿ ಕಥೆ-ಕಾದಂಬರಿ ಓದಿ ಪರೀಕ್ಷೆಗೆ ಬರೆದದ್ದು ಮರೆತಿದೆ, ಓದುವ ರೂಢಿ ಉಳಿದಿದೆ.

ಅಪ್ಪಣ್ಣ ಹೇಳುತ್ತಾನೆ, ನಾನು ಬರೆಯುತ್ತೇನೆ. ಅಲ್ಲಿ ನೀವು ಓದುತ್ತೀರಿ, ಮಾಳವ್ವ ಕೇಳುತ್ತಾಳೆ. ಇದರೊಂದಿಗಿರುವ ಹಾಳೆ ಅವನದು. ಎಮ್ಮೆ ಈಯಿತೇ ಎಂದು ಮೂರು ಸಲ ಕೇಳಿದ್ದಾನೆ, ಮೂರೂ ಸಲ ಬರೆದಿದ್ದೇನೆ. ಅವ್ವನ ಬಟ್ಟೆಯಲ್ಲಿ ಎಲ್ಲರಿಗೂ ನೀರು ಸೋಸಿಸಿ, ಆಮೇಲೆ ಕಾಯಿಸುತ್ತೇನೆ. ಬೇರೆ ತುಕಡಿಗಳವರು ನಮ್ಮನ್ನು ಹಳದಿ ಬಟ್ಟೆಯವರು ಎಂದು ನಗುತ್ತಾರೆ, ಆದರೆ ಹೊಟ್ಟೆ ಕೆಟ್ಟು ಮಲಗಿದವರು ನಮ್ಮಲ್ಲೇ ಕಡಿಮೆ. "ಸಾಹೇಬ್ರ, ನಮ್ಮ ಹೊಟ್ಟ್ಯಾಗ ಹುಳಾ ಹೋಗಬಾರ್ದಂತ ಸೋಸ್ತೀರೋ, ಹುಳದ ಜೀವಾ ಉಳೀಲಿ ಅಂತ ಸೋಸ್ತೀರೋ?" ಎಂದು ಅಪ್ಪಣ್ಣ ಕೇಳಿದ. ಎರಡಕ್ಕೂ ಅಂದೆ.

ಜಯಕುಮಾರ


ಸಾಂಗ್ಲಿ, ೩ ಏಪ್ರಿಲ್ ೧೯೪೪

ಚಿ. ಜಯಕುಮಾರನಿಗೆ,

ನೀನು ನಗುತ್ತ ಬರೆದದ್ದು ಓದಿ ಎರಡು ದಿನ ಸಮಾಧಾನವಿತ್ತು. ಮೂರನೆಯ ದಿನ ಅನ್ನಿಸಿತು, ನೀನು ಸಣ್ಣವನಿದ್ದಾಗ ಜ್ವರ ಮುಚ್ಚಿಡಬೇಕಾದಾಗಲೇ ಹೀಗೆ ನಗುತ್ತಿದ್ದೆ ಎಂದು.

ಸುಗ್ಗಿಯ ದಿನ, ಗಾಡಿಗಳು ಬಂದು ನಿಂತಿವೆ. ಆದರೆ ನನ್ನ ಜೀವಕ್ಕೆ ತಾರಿನವನು, ಆ ತಂತಿ ತರುವವನು, ಮೂಲವಾಗಿದ್ದಾನೆ. ನಿನಗೆ ಗೊತ್ತೇ ಇದೆ, ಮುಂಬಯಿಯ ದಲಾಲ ದಿನಾ ಮಧ್ಯಾಹ್ನ ಧಾರಣೆಯ ತಾರು ಕಳಿಸುತ್ತಿದ್ದ. ದಿನಾ ಸೈಕಲ್ಲಿನ ಗಂಟೆ, ದಿನಾ ಆ ಲಕೋಟೆ. ಒಡೆದು ಧಾರಣೆ ಕಾಣುವ ತನಕ ಅದು ನಿನ್ನ ಸುದ್ದಿಯೇ ಎಂದು ಅಂಜುತ್ತಿದ್ದೆ. ಕೊನೆಗೆ ದಲಾಲನಿಗೆ ಬರೆದುಬಿಟ್ಟೆ, ಇನ್ನು ಮುಂದೆ ತಾರು ಬೇಡ, ಕಾರ್ಡು ಸಾಕು ಎಂದು. ಪಕ್ಕದ ಅಡತಿ ಅಂಗಡಿಯ ಬಾಪೂಸಾಹೇಬ, "ಧರಣೇಂದ್ರಣ್ಣಾ, ಕಾರ್ಡ್ ಬರೂದ್ರಾಗ ಪ್ಯಾಟಿ ಏರಿ ಇಳದಿರ್ತೈತಿ. ಹುಚ್ಚ ಹಿಡದೈತೇನು?" ಎಂದ. ಹಿಡಿದಿರಬೇಕು. ಒಂದು ಮಾತ್ರ ಮೊದಲು ಹೊಳೆದಿರಲಿಲ್ಲ: ಇನ್ನು ಈ ಅಂಗಡಿಗೆ ತಾರು ಬಂದರೆ ಅದು ಒಂದೇ ವಿಷಯದ್ದು.

ಅಲ್ಲ, ಎರಡರಲ್ಲಿ ಒಂದು. ಮಾಳವ್ವನದೂ ಇದೇ ವಿಳಾಸವಲ್ಲವೇ.

ಇವತ್ತು ಬಂದಿದ್ದಳು. ಮಿರಜಿನ ತನಕ ನಡೆದು, ಅಲ್ಲಿಂದ ಸಣ್ಣ ರೈಲುಗಾಡಿ ಹತ್ತಿ ಬರುತ್ತಾಳೆ. ಎಮ್ಮೆ ಈದಿದೆ, ಹೆಣ್ಣುಗರು, ಬರೆದು ತಿಳಿಸು ಅಂದಳು. ತಿಳಿಸಿದ್ದೇನೆ.

ನಮ್ಮ ಲಾಜಿಕ್ಕಿನ ಮಾಸ್ತರರು ಕಲಿಸಿದ್ದು ಇಷ್ಟು ವರ್ಷದ ಮೇಲೆ ಬಾಯಿಗೆ ಬರುತ್ತಿದೆ. ಮೇಜರ್ ಪ್ರಿಮೈಸ್: ಆಲ್ ಮೆನ್ ಆರ್ ಮಾರ್ಟಲ್, ಎಲ್ಲ ಮನುಷ್ಯರೂ ಸಾಯುವವರೇ. ಆಮೇಲೆ ಮೈನರ್ ಪ್ರಿಮೈಸ್‌ನಲ್ಲಿ ಒಬ್ಬನ ಹೆಸರು ಹಾಕಬೇಕು. ಅಂಗಡಿಯಲ್ಲಿ ಕುಳಿತಾಗ ಮೊದಲ ಸಾಲು ತಾನಾಗಿ ಬರುತ್ತದೆ. ಎರಡನೆಯದು ಬರುವ ಮೊದಲೇ ಎದ್ದು ಹೊರಗೆ ಬಂದು ನಿಲ್ಲುತ್ತೇನೆ.

ಅಪ್ಪ


ಸಾಂಗ್ಲಿ, ೨೩ ಜೂನ್ ೧೯೪೪

ಜಯಾ,

ನಿನ್ನೆ ತಾರು ಬಂತು.

ಬಾಪೂಸಾಹೇಬ ತೆಗೆದುಕೊಂಡು ಬಂದು ನನ್ನ ಮುಂದಿಟ್ಟ. ಒಡೆಯಲಿಲ್ಲ. ತಕ್ಕಡಿಯಲ್ಲಿದ್ದ ಅರಿಶಿನ ತೂಗಿ ಮುಗಿಸಿದೆ. ಕೈತೊಳೆದೆ. ಮತ್ತೆ ತೊಳೆದೆ. ಒಡೆದರೆ ಅಪ್ಪಣ್ಣನ ಹೆಸರಿತ್ತು.

ನನ್ನ ಎದೆಯಲ್ಲಿ ಆದದ್ದನ್ನು ನಿನಗಲ್ಲದೆ ಯಾರಿಗೆ ಬರೆಯಲಿ? ಸಂತೋಷವಾಯಿತು. ಜಯಾ, ಕುಣಿಯುವಷ್ಟು ಸಂತೋಷ. ಆಮೇಲೆ ಅರಿಶಿನದ ಚೀಲದ ಮೇಲೆ ಕುಳಿತೆ. ಇಷ್ಟು ದಿನ ನಿನ್ನ ಕೈಗಳಿಗೆ ಅಂಜುತ್ತಿದ್ದೆ. ನಿನ್ನೆಯಿಂದ ನನ್ನ ಎದೆಗೆ ಅಂಜುತ್ತಿದ್ದೇನೆ.

ಸೋಮವಾರ ಮಾಳವ್ವ ಬರುತ್ತಾಳೆ. ಹೇಳುತ್ತೇನೆ.

ನೀನು ಹೇಗಿದ್ದೀ? ಎರಡು ಅಕ್ಷರ ಬರೆ.

ಅಪ್ಪ


ಫೀಲ್ಡ್ ಪೋಸ್ಟ್, ೨೮ ಜೂನ್ ೧೯೪೪

ತೀರ್ಥರೂಪ ಅಪ್ಪನವರಿಗೆ,

ಈ ಹೊತ್ತಿಗೆ ತಾರು ಮುಟ್ಟಿರಬೇಕು. ಮಾಳವ್ವನಿಗೆ ನೀವೇ ಹೇಳಿರುತ್ತೀರಿ, ನನಗಿಂತ ಚೆನ್ನಾಗಿ ಹೇಳಿರುತ್ತೀರಿ. ಈಗ ಉಳಿದದ್ದನ್ನು ನಾನು ಹೇಳಬೇಕು.

ಬೆಟ್ಟದ ಕೆಳಗೆ ಒಂದು ಗುಡಿಸಲಿತ್ತು. ಅದರಲ್ಲಿ ಶತ್ರುವಿನ ಮಶೀನ್‌ಗನ್ ಇದೆ ಎಂದು ಇಬ್ಬರು ಬಂದು ಹೇಳಿದರು. ತೋಪಿನವರು ನನ್ನ ಒಂದು ಮಾತಿಗೆ ಕಾದಿದ್ದರು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಇಬ್ಬರೂ ಕಣ್ಣಾರೆ ಕಂಡವರಲ್ಲ. ಒಬ್ಬನೇ ಮುದುಕನ ಬಾಯಿಂದ ಕೇಳಿದವರು. ಒಂದೇ ಬಾಯಿಯ ಮಾತು ಎರಡು ಬಾಯಿಯಿಂದ ಬಂದರೆ ಅದು ಎರಡು ಸಾಕ್ಷಿಯಲ್ಲ ಎಂದು ನಮ್ಮ ಇತಿಹಾಸದ ಪ್ರೊಫೆಸರರು ಮೊದಲ ತಿಂಗಳಲ್ಲೇ ಕಲಿಸಿದ್ದರು. ಅರ್ಧ ಗಂಟೆ ತಡೆಯಿರಿ ಎಂದು ತೋಪಿನವರಿಗೆ ಹೇಳಿ, ನೋಡಿ ಬರಲು ಅಪ್ಪಣ್ಣನನ್ನು ಕಳಿಸಿದೆ. ಅವನೇ ಎದ್ದು ನಿಂತಿದ್ದ ಎಂದು ಬರೆಯಬಹುದು. ಆದರೆ ಕಳಿಸಿದವನು ನಾನು.

ಅವನು ತೆವಳಿಕೊಂಡು ಹೋಗಿ, ಒಳಗೆ ಇಣುಕಿ, ನಮ್ಮ ಕಡೆ ತಿರುಗಿ ಮೂರು ಬೆರಳು ಎತ್ತಿದ. ಆಮೇಲೆ ಕೈಯನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ ತೋರಿಸಿದ. ಮೂರು ಮಕ್ಕಳು. ಆಗಲೇ ಪಕ್ಕದ ಬಿದಿರಿನಿಂದ ಗುಂಡು ಬಂತು. ಗನ್ನು ಇದ್ದದ್ದು ಅಲ್ಲಿ.

ಬಿದಿರನ್ನು ಹೊಡೆಯಲು ನಾನೇ ಹೇಳಿದೆ. ಅಲ್ಲಿದ್ದವರು ಯಾರೂ ಉಳಿಯಲಿಲ್ಲ. ನೀವು ಅಂಜಿದ್ದು ಆಗಿಹೋಗಿದೆ. ಮಕ್ಕಳು ಬದುಕಿವೆ. ನನ್ನ ಮೇಲಿನ ಸಾಹೇಬರು, ನೀನು ಬಹಳ ವಿಚಾರ ಮಾಡುತ್ತೀ ಎಂದುಬಿಟ್ಟರು. ಅದು ಬೈಗುಳವೋ ಶಾಬಾಸಕಿಯೋ ಗೊತ್ತಾಗಲಿಲ್ಲ.

ಅಪ್ಪಾ, ನೀವು ಮೊದಲು ಕಂದೀಲು ಇಳಿಸುತ್ತೀರಿ. ನನ್ನ ಹತ್ತಿರ ಕಂದೀಲು ಇರಲಿಲ್ಲ. ಅಪ್ಪಣ್ಣನನ್ನು ಇಳಿಸಿದೆ.

ಕ್ಷಮಾವಾಣಿಯ ದಿನ ನಾವು ಸಿಕ್ಕಸಿಕ್ಕವರಿಗೆ ಕೈಮುಗಿದು, ತಪ್ಪಾಗಿದ್ದರೆ ಕ್ಷಮಿಸಿ ಅನ್ನುತ್ತೇವೆ; ಯಾವ ತಪ್ಪು ಎಂದು ಯಾರೂ ಹೇಳುವುದಿಲ್ಲ. ನಾನು ಹೆಸರಿಟ್ಟು ಹೇಳಿದ್ದೇನೆ. ಈ ಪತ್ರವನ್ನು ಮಾಳವ್ವನ ಮುಂದೆ ಇದ್ದದ್ದು ಇದ್ದ ಹಾಗೆ ಓದಿರಿ.

ಜಯಕುಮಾರ


ಫೀಲ್ಡ್ ಪೋಸ್ಟ್, ೯ ಆಗಸ್ಟ್ ೧೯೪೪

ಅಪ್ಪಾ,

ನಿಮ್ಮ ಉತ್ತರವಿಲ್ಲ. ಮಾಳವ್ವ ಏನಂದಳು? ಶಾಪ ಹಾಕಿದ್ದರೆ ಅದನ್ನೇ ಬರೆಯಿರಿ. ಬಟ್ಟೆ ಇನ್ನೂ ಇದೆ. ನಾನು ದಿನಾ ನೀರು ಸೋಸುತ್ತೇನೆ, ಈಗ ಯಾರೂ ಪ್ರಶ್ನೆ ಕೇಳುವುದಿಲ್ಲ.

ಜಯಕುಮಾರ


ಸಾಂಗ್ಲಿ, ೩ ಸೆಪ್ಟೆಂಬರ್ ೧೯೪೪, ರವಿವಾರ

ಚಿ. ಜಯಕುಮಾರನಿಗೆ,

ನಿನ್ನ ಎರಡೂ ಪತ್ರ ಮುಟ್ಟಿವೆ. ಯಾಕೆ ಬರೆಯಲಿಲ್ಲ ಎಂಬುದನ್ನು ಓದಿದ ಮೇಲೆ ನೀನು ನನ್ನನ್ನು ಅಪ್ಪಾ ಎಂದು ಕರೆಯುತ್ತೀಯೋ ಇಲ್ಲವೋ.

ತಾರು ಬಂದ ಮುಂದಿನ ಸೋಮವಾರ ಮಾಳವ್ವ ಬಂದಳು. ಅದೇ ಮುಂಜಾನೆ ಟಪಾಲಿನಲ್ಲಿ ನೀನು ಬರೆದುಕೊಟ್ಟ ಅಪ್ಪಣ್ಣನ ಕೊನೆಯ ಕಾಗದ ಬಂದಿತ್ತು. ತಾರು ಗಾದಿಯ ಕೆಳಗಿತ್ತು, ಕಾಗದ ಕೈಯಲ್ಲಿತ್ತು. ಅವಳು ಕುಳಿತು, ಸೆರಗು ಸರಿಮಾಡಿಕೊಂಡು, "ಓದ್ರಿ ಸಾವ್ಕಾರ್ರ" ಎಂದಳು. ಕಾಗದ ಓದಿದೆ. ಕರುವಿಗೆ ಗೌರಿ ಎಂದು ಹೆಸರಿಡು ಎಂದಿದ್ದ. ಅವಳು ನಕ್ಕಳು. ನಕ್ಕವಳಿಗೆ ಹೇಗೆ ಹೇಳಲಿ? ಮುಂದಿನ ಸೋಮವಾರ ಎಂದುಕೊಂಡೆ.

ಮುಂದಿನ ಸೋಮವಾರ ಕಾಗದವಿರಲಿಲ್ಲ. ಅವಳ ಮುಖ ನೋಡಿ, ಮುಂಬಯಿಯ ದಲಾಲನ ಕಾರ್ಡು ಕೈಗೆತ್ತಿಕೊಂಡು ಓದತೊಡಗಿದೆ. ಹೌದು. ಅಪ್ಪಣ್ಣನ ಮಾತುಗಳನ್ನು ನಾನೇ ಕಟ್ಟಿ ಓದಿದೆ. ಒಂಬತ್ತು ಸೋಮವಾರ ಓದಿದೆ. ಸರಕಾರದ ಇನ್ನೊಂದು ಲಕೋಟೆ ಬಂತು, ನಿನ್ನ ಪತ್ರ ಬಂತು, ಎಲ್ಲ ಗಾದಿಯ ಕೆಳಗೆ ಸೇರಿದವು. ಒಂದು ವಾರ ಅವನಿಗೆ ನಾಯಕನ ಹುದ್ದೆಯನ್ನೂ ಕೊಟ್ಟೆ. ಮರು ವಾರ ಅವಳು ಆ ಸುದ್ದಿಗೆಂದು ಗೌರಿಯ ತಾಯಿಯ ಬೆಣ್ಣೆ ತಂದಳು. ಆ ಬೆಣ್ಣೆ ಇನ್ನೂ ಹಾಗೆಯೇ ಇದೆ, ಕೆಟ್ಟು ನಾರುತ್ತಿದೆ. ತಿನ್ನಲೂ ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ನಿನ್ನೆ ಕ್ಷಮಾವಾಣಿ. ಬಸ್ತಿಯ ಅಂಗಳದಲ್ಲಿ ಬಾಪೂಸಾಹೇಬ ಕೈಮುಗಿದು, "ವರ್ಷದಾಗ ಏನರ ತಪ್ಪಾಗಿದ್ರ ಕ್ಷಮಾ ಮಾಡಪಾ" ಎಂದ. ತಿರುಗಿ ಕೈಮುಗಿಯದೆ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋಗಿ, ಗಾದಿಯ ಕೆಳಗಿನ ಕಾಗದಗಳನ್ನು ಕಿಸೆಗೆ ಹಾಕಿಕೊಂಡು ನೆಟ್ಟಗೆ ಸ್ಟೇಶನ್ನಿಗೆ ನಡೆದೆ. ಮಿರಜಿನಲ್ಲಿ ಇಳಿದಾಗ ತಿರುಗಿ ಹೋಗುವ ಗಾಡಿ ಅಲ್ಲೇ ನಿಂತಿತ್ತು. ಹತ್ತಿ ಕುಳಿತೆ, ಇಳಿದೆ. ಬೇಡಗದ ದಾರಿಯಲ್ಲಿ ಎರಡು ಸಲ ನಿಂತೆ.

ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. "ಅಯ್ಯ, ಸಾವ್ಕಾರ್ರ! ಕುಂದ್ರಿ ಬರ್ರಿ. ಕಾಗದಾ ಬಂತೇನ್ರಿ?" ಎಂದಳು. ನಿಂತೇ ಓದಿದೆ. ಮೊದಲು ತಾರು. ಆಮೇಲೆ ನಿನ್ನ ಪತ್ರ, ಒಂದಕ್ಷರ ಬಿಡದೆ. ಕೊನೆಗೆ, ಒಂಬತ್ತು ಸೋಮವಾರದ ಕಾಗದ ನನ್ನವು ಎಂದೆ.

ಅವಳು ಅಳಲಿಲ್ಲ. ಮೊರದ ಜೋಳದಿಂದ ಎರಡು ಕಲ್ಲು ಆರಿಸಿ ಆಚೆಗೆ ಹಾಕಿದಳು. ಆಮೇಲೆ, "ಎಷ್ಟ ಕೂಸ ಇದ್ವಂತ್ರಿ?" ಎಂದಳು.

"ಮೂರು."

"ಬದುಕ್ಯಾವ?"

"ಬದುಕ್ಯಾವಂತ."

ಮೊರ ಕೆಳಗಿಟ್ಟಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿ ಅಂದಳು: "ನಿಮ್ಮ ಮಗಾ ಆ ಕೂಸಗೋಳ ಸಲುವಾಗಿ ತಡದ. ನೀವು ಯಾರ ಸಲುವಾಗಿ ತಡದ್ರಿ, ಸಾವ್ಕಾರ್ರ?"

ನಾನು ಓಣಿಯ ಕಡೆ ತಿರುಗಿದೆ. ಪ್ರಶ್ನೆಯನ್ನು ಅಲ್ಲೇ ಬಿಟ್ಟು ಎದ್ದು ಬರುವುದು ನನಗೆ ಹೊಸದಲ್ಲ, ಅಲ್ಲವೇ? ತಡೆಯುವುದನ್ನು ನಿನಗೆ ಕಾಲೇಜು ಕಲಿಸಿತು. ಅರ್ಧಕ್ಕೇ ಬಿಟ್ಟ ನನಗೂ ಅದು ಬಂತು. ಯಾತಕ್ಕೆ ತಡೆಯಬೇಕು ಎಂಬ ಪಾಠ ಮಾತ್ರ ಮುಂದಿನ ವರ್ಷದ್ದಿರಬೇಕು. ನಾನು ಓಣಿ ದಾಟುವ ಮೊದಲು ಅವಳು ಹಿಂದಿನಿಂದ ಕೂಗಿದಳು. "ಸ್ವಾಮಾರ ಬರ್ತೇನಿ. ಸಾಹೇಬ್ರ ಕಾಗದಾ ಮತ್ತ ಓದ್ರಿ. ಬರದಷ್ಟ ಓದ್ರಿ." ಕ್ಷಮಿಸಿದೆ ಎನ್ನಲಿಲ್ಲ, ನಿನ್ನನ್ನೂ, ನನ್ನನ್ನೂ.

ನಿನಗೆ ನಾನು ಮಾಡಿದ್ದನ್ನೂ ಹೆಸರಿಟ್ಟು ಹೇಳುತ್ತೇನೆ. ಆ ದಿನ ಕಿಟಕಿಯಲ್ಲಿ ನಾನು ಕಪ್ಪೆಯನ್ನಷ್ಟೇ ನೋಡಿದೆ. ಅಂಥ ಕಪ್ಪೆ ಕೊಯ್ದು ಕಲಿತವರೇ ಮಿರಜಿನಲ್ಲಿ ನಿನ್ನ ಅವ್ವನ ಹಾಸಿಗೆಯ ಪಕ್ಕ ಹನ್ನೊಂದು ದಿನ ನಿಂತಿದ್ದರು, ಅದನ್ನು ಕಣ್ಣಾರೆ ಕಂಡಿದ್ದೆ, ಆದರೂ ನಿನ್ನನ್ನು ಒಂದು ಮಾತು ಕೇಳಲಿಲ್ಲ. ನೀನು ಮರೆತಿಲ್ಲ ಎಂದು ನನಗೆ ಗೊತ್ತು. ಕ್ಷಮಿಸು.

ನಾಳೆ ಸೋಮವಾರ. ನಿನ್ನ ಪತ್ರವನ್ನು ಗಾದಿಯ ಮೇಲೆ, ಎದುರಿಗೇ ಇಟ್ಟಿದ್ದೇನೆ. ಮಿರಜಿನ ಸಣ್ಣ ಗಾಡಿ ಹತ್ತೂವರೆಗೆ ಬರುತ್ತದೆ. ನೀರು ಸೋಸಿ ಇಟ್ಟಿದ್ದೇನೆ, ಇಬ್ಬರಿಗೂ.

ಅಪ್ಪ